ಜಾನ್ ಬ್ಯಾಕಸ್

ಜಾನ್ ಬ್ಯಾಕಸ್ 1924ರ ಡಿಸೆಂಬರ್ 3ರಂದು ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಜನಿಸಿದರು. ಎಳೆಯ ವಯಸ್ಸಿನಲ್ಲಿ ವಿದ್ಯೆಯ ಕಡೆಗೆ ಅವರ ಲಕ್ಷ್ಯವಿರಲಿಲ್ಲ. ರಸಾಯನಶಾಸ್ತ್ರವನ್ನು ಕಲಿಯಲು ಹೋಗಿ ತರಗತಿಗಳನ್ನು ತಪ್ಪಿಸಿದರು, ಸೈನ್ಯವನ್ನು ಸೇರಿದರು, ವೈದ್ಯಶಾಸ್ತ್ರವನ್ನು ಕೈಗೆತ್ತಿಕೊಂಡು ಬಿಟ್ಟರು. ಕೊನೆಗೆ ರೇಡಿಯೊ ತಂತ್ರಜ್ಞರ ಶಾಲೆಯೊಂದರಲ್ಲಿದ್ದಾಗ ಗಣಿತದ ರುಚಿ ಹತ್ತಿತು. ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಗಣಿತವನ್ನು ವ್ಯಾಸಂಗಮಾಡಿ, 1950ರಲ್ಲಿ ಐ.ಬಿ.ಎಂ. ಸಂಸ್ಥೆಯನ್ನು ಸೇರಿದರು.

ಅಂದಿನ ಗಣಕಯಂತ್ರಕ್ಕೆ ಪ್ರತಿಯೊಂದು ಆಜ್ಞೆಯನ್ನೂ ಅದರದೇ ಸಂಕೇತಗಳಲ್ಲಿ ಬರೆದುಕೊಡಬೇಕಾಗಿತ್ತು. ಈ ಶ್ರಮವನ್ನು ತಗ್ಗಿಸಲು ಬ್ಯಾಕಸ್ 1953ರಲ್ಲಿ ‘ಸ್ಪೀಡ್‌ಕೋಡಿಂಗ್’ ಎಂಬ ವ್ಯವಸ್ಥೆಯನ್ನು ರೂಪಿಸಿದರು. ಬರೆಯುವುದೇನೋ ಸುಲಭವಾಯಿತು, ಆದರೆ ಹೆಸರಿನಲ್ಲಿದ್ದ ವೇಗ ಓಟದಲ್ಲಿರಲಿಲ್ಲ. ಒಂದು ಆಜ್ಞೆ ಸಾವಿರ ಸಲ ಬಂದರೆ ಯಂತ್ರವು ಸಾವಿರ ಸಲವೂ ಅದನ್ನು ಹೊಸದಾಗಿ ಅರ್ಥಮಾಡಿಕೊಳ್ಳಬೇಕಾಗಿತ್ತು. ದಶಮಾಂಶ ಸಂಖ್ಯೆಗಳ ಲೆಕ್ಕವೇ ನಿಧಾನವಾಗಿದ್ದ ಹಳೆಯ ಯಂತ್ರದಲ್ಲಿ ಈ ವಿಳಂಬ ಎದ್ದುಕಾಣುತ್ತಿರಲಿಲ್ಲ. ಆ ಲೆಕ್ಕವನ್ನು ನೇರವಾಗಿ ಮಾಡಬಲ್ಲ ‘704’ ಯಂತ್ರವು ಬಂದೊಡನೆ ಕೊರತೆಯು ಬಯಲಾಯಿತು.

ಗಣಿತದ ಸೂತ್ರಗಳಂತೆ ಬರೆದುದನ್ನು ಓಟಕ್ಕೆ ಮುನ್ನವೇ ಸಂಪೂರ್ಣವಾಗಿ ಯಂತ್ರಭಾಷೆಗೆ ಅನುವಾದಿಸಿಬಿಟ್ಟರೆ ಹೇಗೆ? ಹೀಗೆ ಯೋಚಿಸಿ ಬ್ಯಾಕಸ್ ಫೋರ್ಟ್ರಾನ್ ಭಾಷೆಗೆ ಕೈಹಾಕಿದರು. ನುರಿತವರಿಗೆ ಇದರಲ್ಲಿ ನಂಬಿಕೆಯಿರಲಿಲ್ಲ. ಮನುಷ್ಯನ ಜಾಣ್ಮೆ ಯಂತ್ರದ ಅನುವಾದಕ್ಕೆ ಎಲ್ಲಿಂದ ಬಂದೀತೆಂಬುದು ಅವರ ವಾದ. ಅದು ಕೇವಲ ಹಮ್ಮಿನ ಮಾತಾಗಿರಲಿಲ್ಲ. ಯಂತ್ರದ ಒಂದೊಂದು ಗಂಟೆಯೂ ಬಲು ದುಬಾರಿಯಾಗಿದ್ದ ಕಾಲವದು. ಅನುವಾದಿತ ಆಜ್ಞೆಗಳು ಕೈಬರಹದ ಆಜ್ಞೆಗಳ ಅರ್ಧದಷ್ಟು ವೇಗದಲ್ಲಿ ಓಡಿದರೆ ತಮ್ಮ ಭಾಷೆಯನ್ನು ಯಾರೂ ಮುಟ್ಟಲಾರರೆಂಬ ಭಯ ಬ್ಯಾಕಸ್ ಅವರಿಗೂ ಇತ್ತು. ಆದುದರಿಂದ ಅವರ ಸಣ್ಣ ತಂಡವು ಭಾಷೆಯ ಅಂದಕ್ಕಿಂತ ಅನುವಾದದ ಚುರುಕಿಗೇ ಹೆಚ್ಚು ದುಡಿಯಿತು. ಯಂತ್ರವು ರಾತ್ರಿಯಲ್ಲಿ ಮಾತ್ರ ಬಿಡುವಾಗಿರುತ್ತಿದ್ದುದರಿಂದ ಸಮೀಪದ ಹೋಟೆಲಿನಲ್ಲಿ ಹಗಲು ನಿದ್ರಿಸಿ ಇರುಳೆಲ್ಲ ಕೆಲಸಮಾಡಿದರು. ಪುನರಾವರ್ತನೆಯಾಗುವ ಲೆಕ್ಕಗಳನ್ನು ಅನುವಾದಕವು ಎಷ್ಟು ಮಿತವ್ಯಯದಿಂದ ಜೋಡಿಸುತ್ತಿತ್ತೆಂದರೆ, ಅದರ ಫಲವನ್ನು ಕಂಡು ಅದನ್ನು ಕಟ್ಟಿದವರೇ ಒಮ್ಮೊಮ್ಮೆ ಬೆರಗಾಗುತ್ತಿದ್ದರು.

1957ರಲ್ಲಿ ಫೋರ್ಟ್ರಾನ್ ಬಳಕೆಗೆ ಬಂದಿತು. ಅದರ ಓಟ ಕೈಬರಹದ ಓಟಕ್ಕೆ ಬಹುಮಟ್ಟಿಗೆ ಸರಿಸಾಟಿಯಾಯಿತು. ಬರೆಯಬೇಕಾದ ಸಾಲುಗಳಾದರೋ ಸುಮಾರು ಇಪ್ಪತ್ತನೆಯ ಒಂದು ಪಾಲಿಗೆ ಇಳಿದುವು. ಸಂದೇಹಪಟ್ಟವರು ಒಬ್ಬೊಬ್ಬರಾಗಿ ಅದನ್ನೇ ಹಿಡಿದರು.

ಬ್ಯಾಕಸ್ ಅವರಿಗೆ 1977ರಲ್ಲಿ ಟ್ಯೂರಿಂಗ್ ಪ್ರಶಸ್ತಿ ದೊರೆಯಿತು. ವಿಚಿತ್ರವೆಂದರೆ, ಆ ಸಂದರ್ಭದ ಉಪನ್ಯಾಸದಲ್ಲಿ ಅವರು ಫೋರ್ಟ್ರಾನಿನಂಥ ಭಾಷೆಗಳನ್ನೇ ಕಟುವಾಗಿ ಟೀಕಿಸಿ, ಗಣಿತಕ್ಕೆ ಇನ್ನೂ ಹತ್ತಿರವಾದ ಮತ್ತೊಂದು ಬಗೆಯ ಭಾಷೆಯನ್ನು ಸೂಚಿಸಿದರು. 2007ರ ಮಾರ್ಚ್ 17ರಂದು ಆರೆಗಾನ್ ರಾಜ್ಯದ ಆಶ್‌ಲ್ಯಾಂಡಿನಲ್ಲಿ ಅವರು ನಿಧನರಾದರು. ಹವಾಮಾನದ ಮುನ್ಸೂಚನೆಗೆ ಬೇಕಾದ ಭಾರಿ ಲೆಕ್ಕಗಳಲ್ಲಿ ಫೋರ್ಟ್ರಾನ್ ಇಂದಿಗೂ ಬಳಕೆಯಲ್ಲಿದೆ.