ಐನ್‌ಸ್ಟೈನ್ ತಪ್ಪೆಂದು ತೋರಿಸಲು ಹೊರಟ ಮಿಲಿಕನ್‌ಗೆ ಸಿಕ್ಕಿದ್ದೇನು?

‘ಐನ್‌ಸ್ಟೈನ್ ಸಿದ್ಧಾಂತ ಸುಳ್ಳಂತೆ, ಎಲ್ಲರಿಗೂ ಕಳಿಸಿ’ ಎಂಬ ಫಾರ್ವರ್ಡ್ ನಿಮ್ಮ ಮೊಬೈಲಿಗೂ ಬಂದಿರಬಹುದು. ಐನ್‌ಸ್ಟೈನ್‌ರನ್ನು ಪ್ರಶ್ನಿಸಲೇಬಾರದೇ? ಖಂಡಿತ ಪ್ರಶ್ನಿಸಬಹುದು. ಅಮೆರಿಕದ ರಾಬರ್ಟ್ ಮಿಲಿಕನ್ ಅದನ್ನೇ ವರ್ಷಗಟ್ಟಲೆ ಮಾಡಿದರು.

1868ರಲ್ಲಿ ಹುಟ್ಟಿದ ಮಿಲಿಕನ್‌ಗೆ ಕಾಲೇಜಿನಲ್ಲಿ ಇಷ್ಟವಾದ ವಿಷಯ ಗ್ರೀಕ್ ಭಾಷೆ. ಭೌತಶಾಸ್ತ್ರ ಪಾಠ ಮಾಡು ಎಂದು ಹಚ್ಚಿದ್ದೂ ಗ್ರೀಕ್ ಮೇಷ್ಟ್ರೇ! 1896ರಲ್ಲಿ ಶಿಕಾಗೊ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಎಣ್ಣೆಯ ಪುಟ್ಟ ಹನಿಗಳನ್ನು ವಿದ್ಯುತ್ ಬಲದಿಂದ ಏರಿಸಿ ಇಳಿಸಿ, ಒಂದು ಎಲೆಕ್ಟ್ರಾನಿನ ವಿದ್ಯುದಾವೇಶ ಎಷ್ಟೆಂದು ಅಳೆದರು.

ಲೋಹದ ಮೇಲೆ ಬೆಳಕು ಬಿದ್ದರೆ ಎಲೆಕ್ಟ್ರಾನುಗಳು ಹೊರಬರುತ್ತವೆ. ಬೆಳಕಿನ ಶಕ್ತಿ ಪುಟ್ಟ ಪೊಟ್ಟಣಗಳಲ್ಲಿ ಬರುತ್ತದೆ, ಹಾಗಾಗಿ ಎಲೆಕ್ಟ್ರಾನಿನ ವೇಗ ಬೆಳಕಿನ ಪ್ರಖರತೆಯನ್ನಲ್ಲ, ಬಣ್ಣವನ್ನು ಅವಲಂಬಿಸುತ್ತದೆ ಎಂದು ಐನ್‌ಸ್ಟೈನ್ 1905ರಲ್ಲಿ ವಾದಿಸಿದ್ದರು. ಮಿಲಿಕನ್ ಇದನ್ನು ನಂಬಲಿಲ್ಲ. ಬೆಳಕು ಅಲೆ ಎಂಬುದಕ್ಕೆ ನೂರು ವರ್ಷಗಳ ಪುರಾವೆ ಇತ್ತಲ್ಲ!

ಸುಮ್ಮನೆ ಬೈದು ಕೂರುವ ಬದಲು ಅಳೆಯಲು ಕೂತರು. ತೊಡಕೆಂದರೆ, ಸೋಡಿಯಂನಂಥ ಲೋಹಕ್ಕೆ ಗಾಳಿ ತಾಗಿದರೆ ಮೇಲ್ಮೈ ಕೆಟ್ಟುಹೋಗುತ್ತದೆ, ಅಳತೆಯೂ ಕೆಡುತ್ತದೆ. ಅದಕ್ಕೆ ಗಾಳಿ ತೆಗೆದ ಗಾಜಿನ ಪಾತ್ರೆಯೊಳಗೇ ಒಂದು ಚಾಕು ಇಟ್ಟು, ಹೊರಗಿನಿಂದ ಆಯಸ್ಕಾಂತದ ಬಲದಲ್ಲಿ ನಡೆಸಿ, ಲೋಹವನ್ನು ಅಲ್ಲೇ ಹೆರೆದು ಹೊಸ ಮೇಲ್ಮೈ ಪಡೆದರು. ಬೇರೆ ಬೇರೆ ಬಣ್ಣದ ಬೆಳಕು ಹಾಯಿಸಿ, ಎಲೆಕ್ಟ್ರಾನುಗಳನ್ನು ತಡೆಯಲು ಎಷ್ಟು ವೋಲ್ಟ್ ಬೇಕೆಂದು ಗುರುತಿಸುತ್ತಾ ಹೋದರು. ಬಂದದ್ದು ನೇರ ಗೆರೆ, ಐನ್‌ಸ್ಟೈನ್ ಸೂತ್ರ ಹೇಳಿದಂತೆಯೇ. ಆ ಗೆರೆಯ ಓರೆ ಮತ್ತು ತಮ್ಮದೇ ಎಣ್ಣೆ ಹನಿಯ ಅಂಕಿ ಸೇರಿಸಿ ಪ್ಲಾಂಕ್ ಸ್ಥಿರಾಂಕವನ್ನೂ ಲೆಕ್ಕ ಹಾಕಿದರು.

1916ರಲ್ಲಿ ಇದನ್ನೆಲ್ಲ ಪ್ರಕಟಿಸಿದಾಗಲೂ ಬೆಳಕಿನ ಪೊಟ್ಟಣದ ಕಲ್ಪನೆಯನ್ನು ಅವರು ಒಪ್ಪಿರಲಿಲ್ಲ. ಸೂತ್ರ ಸರಿ, ಕಾರಣ ಸರಿಯಿಲ್ಲ ಎಂಬುದು ಅವರ ನಿಲುವು. ನಮಗೆ ಇದೇ ದೊಡ್ಡದೆನಿಸುತ್ತದೆ: ತಮಗೆ ಹಿಡಿಸದ ಫಲಿತಾಂಶವನ್ನು ಮುಚ್ಚಿಡಲಿಲ್ಲ. ಐನ್‌ಸ್ಟೈನ್‌ಗೆ 1921ರ ನೊಬೆಲ್ ಬಂದದ್ದು ಈ ಕೆಲಸಕ್ಕೇ, ಅನೇಕರು ಅಂದುಕೊಂಡಂತೆ ಸಾಪೇಕ್ಷತೆಗಲ್ಲ. ಮಿಲಿಕನ್‌ಗೆ 1923ರಲ್ಲಿ ಬಂತು.

ಹಾಗಂತ ಅವರು ಸದಾ ಇಷ್ಟು ಉದಾರಿಯಾಗಿರಲಿಲ್ಲ. ಆಕಾಶದಿಂದ ಬರುವ ಕಿರಣಗಳಿಗೆ ‘ಕಾಸ್ಮಿಕ್ ಕಿರಣ’ ಎಂದು ಹೆಸರಿಟ್ಟವರು ಅವರೇ. ಅವು ಬೆಳಕಿನ ಜಾತಿಯವು ಎಂದು ಹಟ ಹಿಡಿದರು. ಅಲ್ಲ, ವಿದ್ಯುದಾವೇಶದ ಕಣಗಳು ಎಂದ ಆರ್ಥರ್ ಕಾಂಪ್ಟನ್ ಜೊತೆ 1932ರಲ್ಲಿ ಬಹಿರಂಗ ಜಗಳವೇ ನಡೆಯಿತು. ಕಾಂಪ್ಟನ್ ಹೇಳಿದ್ದೇ ಸರಿಯಾಗಿತ್ತು.

ಮುಪ್ಪಿನಲ್ಲೂ ಅಳೆಯುವುದನ್ನು ಬಿಡಲಿಲ್ಲ. ಭೂಮಿಯ ಕಾಂತಕ್ಷೇತ್ರ ಈ ಕಣಗಳನ್ನು ಎಷ್ಟು ತಡೆಯುತ್ತದೆಂದು ನೋಡಲು 1939-40ರ ಚಳಿಗಾಲದಲ್ಲಿ ಸಂಗಡಿಗರೊಂದಿಗೆ ಭಾರತಕ್ಕೆ ಬಂದರು. ಅವರ ತಂಡದ ಬಲೂನುಗಳು ನಮ್ಮ ಬೆಂಗಳೂರಿನ ಆಕಾಶಕ್ಕೂ ಏರಿದವು. ಆಗ ಮಿಲಿಕನ್‌ಗೆ 71 ವರ್ಷ.