ಶಸ್ತ್ರವೈದ್ಯರ ಗುರು ಹಾಲ್‌ಸ್ಟೆಡ್

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಹಿಂದೆ ಕೋಡಿಯ ಮಠವೆಂಬ ಪ್ರಸಿದ್ಧ ವಿದ್ಯಾಸ್ಥಾನವಿದ್ದಿತು. ಅಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠವು ನಡೆಯುತ್ತಿದ್ದಿತೆಂದೂ, ದೀನರಿಗೆ ಅನ್ನವೂ ಅನಾಥ ರೋಗಿಗಳಿಗೆ ಚಿಕಿತ್ಸೆಯೂ ದೊರೆಯುತ್ತಿದ್ದಿತೆಂದೂ ಕ್ರಿ. ಶ. 1162ರ ಶಾಸನವು ಸಾರುತ್ತದೆ. ಗುರುವಿನ ಬಳಿಯಲ್ಲಿಯೇ ವಾಸಮಾಡಿ ವಿದ್ಯೆಯನ್ನು ಕಲಿಯುವ ಪದ್ಧತಿಯು ಈ ಸೀಮೆಗೆ ಹೊಸದಲ್ಲವೆಂಬುದಕ್ಕೆ ಇದೊಂದೇ ಸಾಕ್ಷಿಯು ಸಾಕು. ಈ ಪದ್ಧತಿಯನ್ನು ಹೊಸ ಕಾಲದ ಆಸ್ಪತ್ರೆಗೆ ತಂದು, ಶಸ್ತ್ರವೈದ್ಯರನ್ನು ತಯಾರಿಸುವ ನಿಯತವಾದ ಶಿಕ್ಷಣಕ್ರಮವನ್ನಾಗಿ ಅಮೆರಿಕದಲ್ಲಿ ನೆಲೆಗೊಳಿಸಿದವರು ವಿಲಿಯಂ ಹಾಲ್‌ಸ್ಟೆಡ್ಡರು. ಅವರ ಜೀವಿತವನ್ನು ಇಂದು ನಮ್ಮ ವಾಚಕರ ಮುಂದಿಡುತ್ತೇವೆ.

ದೂರದೇಶದ ಈ ವೈದ್ಯರ ಚರಿತ್ರೆಯಿಂದ ನಮಗೇನಾಗಬೇಕೆಂದು ಕೆಲವರು ಕೇಳಬಹುದು. ಅಂಜನಾಪುರದ ಜಲಾಶಯದ ಕೆಳಗೆ ಗದ್ದೆ ತೋಟಗಳನ್ನು ಮಾಡಿಕೊಂಡಿರುವ ರೈತನೊಬ್ಬನು ರಸ್ತೆಯ ಅಪಘಾತದಲ್ಲಿ ದವಡೆಯನ್ನು ಮುರಿದುಕೊಂಡನೆನ್ನೋಣ. ಅಥವಾ ಅಲ್ಲಿಯ ಕೂಸೊಂದು ಸೀಳು ತುಟಿಯೊಡನೆ ಹುಟ್ಟಿತೆನ್ನೋಣ. ಇವರನ್ನು ಯಾರು ನೋಡಬೇಕು? ಮಲೆನಾಡು ಅಡಿಕೆಯ ಸೀಮೆ. ಅಡಿಕೆಯನ್ನು ಅಗಿಯುವುದರಿಂದ ಕ್ಯಾನ್ಸರ್ ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗಸಂಸ್ಥೆಯು 2004ರಲ್ಲಿ ಪ್ರಕಟಿಸಿದ ನಿರ್ಣಯವು ಬೆಳೆಯುವವರಿಗೆ ಅಪ್ರಿಯವಾದರೂ ಅದನ್ನು ಮರೆಮಾಚಿ ಫಲವಿಲ್ಲ. ಇಂತಹ ರೋಗಿಗಳಿಗೆಲ್ಲ ಬಾಯಿ, ದವಡೆ, ಮುಖಗಳ ಶಸ್ತ್ರವೈದ್ಯರು ಬೇಕು. ನಮ್ಮಲ್ಲಿ ದಂತವೈದ್ಯದ ಪದವಿಯನ್ನು ಪಡೆದ ಮೇಲೆ ಮತ್ತೆ 3 ವರ್ಷ ಆಸ್ಪತ್ರೆಯಲ್ಲಿದ್ದು ದುಡಿದು ಕಲಿತವರಿಗೆ ಈ ಶಾಸ್ತ್ರದ ಉಚ್ಚ ಪದವಿಯು ಸಿಕ್ಕುತ್ತದೆ. ಮೊದಲು ಹಿರಿಯರ ಪಕ್ಕದಲ್ಲಿ ನಿಂತು ನೋಡುವುದು, ಬಳಿಕ ಹೊಲಿಗೆ ಹಾಕುವುದು, ಬಳಿಕ ದವಡೆಯೊಳಗೆ ಹುದುಗಿದ ಹಲ್ಲನ್ನು ತೆಗೆಯುವುದು, ಕೊನೆಗೆ ಮುರಿದ ಮೂಳೆಯನ್ನು ಗುರುವಿನ ಕಣ್ಣೆದುರಿಗೆ ತಾನೇ ಜೋಡಿಸುವುದು. ಹೀಗೆ ಹೊಣೆಯು ಮೆಟ್ಟಲು ಮೆಟ್ಟಲಾಗಿ ಏರುತ್ತದೆ. ಈ ಮೆಟ್ಟಲುಗಳನ್ನು ಕಟ್ಟಿದವರು ಹಾಲ್‌ಸ್ಟೆಡ್ಡರು.

ಅವರು 1852ರಲ್ಲಿ ನ್ಯೂಯಾರ್ಕಿನ ಸಿರಿವಂತ ವರ್ತಕರ ಮನೆತನದಲ್ಲಿ ಜನಿಸಿದರು. ಯೇಲ್ ವಿದ್ಯಾಪೀಠದಲ್ಲಿದ್ದಾಗ ಅವರಿಗೆ ಹೆಸರು ಬಂದುದು ಪಾಠದಿಂದಲ್ಲ, ಕಾಲ್ಚೆಂಡಿನ ತಂಡದ ನಾಯಕತ್ವದಿಂದ. ವೈದ್ಯಶಾಸ್ತ್ರವನ್ನು ಹಿಡಿದ ಮೇಲೆ ಮನುಷ್ಯನೇ ಬೇರೆಯಾದನು. 1877ರಲ್ಲಿ ವೈದ್ಯಪದವಿಯನ್ನು ಪಡೆದು, ಮರುವರ್ಷ ಯೂರೋಪಿಗೆ ಹೋಗಿ, ವಿಯೆನ್ನಾದಲ್ಲಿಯೂ ಜರ್ಮನಿಯಲ್ಲಿಯೂ ಸುಮಾರು 2 ವರ್ಷ ಕಳೆದರು. ಅಲ್ಲಿ ಬಿಲ್‌ರೋಥ್ ಮೊದಲಾದ ಆಚಾರ್ಯರ ಕೈಕೆಳಗೆ ತರುಣ ಸಹಾಯಕರು ವರ್ಷಗಟ್ಟಲೆ ಇದ್ದು ಪಳಗುವುದನ್ನು ಕಂಡರು. ಆ ಕಾಲದ ಅಮೆರಿಕದಲ್ಲಿಯಾದರೋ ಕೆಲವು ಉಪನ್ಯಾಸಗಳನ್ನು ಕೇಳಿ, ಅಲ್ಪಕಾಲ ಆಸ್ಪತ್ರೆಯಲ್ಲಿ ಸುಳಿದಾಡಿ ಬಂದವನೂ ಕತ್ತಿಯನ್ನು ಹಿಡಿಯಬಹುದಾಗಿತ್ತು. ಈ ಅಂತರವು ಅವರ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿತು.

1880ರಲ್ಲಿ ಸ್ವದೇಶಕ್ಕೆ ಮರಳಿದ ತರುಣ ವೈದ್ಯರು ಹಲವು ಆಸ್ಪತ್ರೆಗಳಲ್ಲಿ ಹಗಲಿರುಳು ಕೆಲಸಮಾಡಿದರು. ಬಾಣಂತಿಯಾದ ತಂಗಿಯು ರಕ್ತಸ್ರಾವದಿಂದ ಸಾಯುವಂತಾದಾಗ ತಮ್ಮ ರಕ್ತವನ್ನೇ ಕೊಟ್ಟು ಉಳಿಸಿದರು. 1884ರಲ್ಲಿ ಕೊಕೇನ್ ದ್ರವದಿಂದ ಕಣ್ಣಿಗೆ ಜೋಮು ಹಿಡಿಸಬಹುದೆಂಬ ಸುದ್ದಿಯು ವಿಯೆನ್ನಾದ ಕೋಲ್ಲರನಿಂದ ಹೊರಟಿತು. ಹಾಲ್‌ಸ್ಟೆಡ್ಡರೂ ಅವರ ಮಿತ್ರ ಹಾಲರೂ ಅದನ್ನು ಸೂಜಿಯಿಂದ ನರದ ಬಳಿಗೆ ಸೇರಿಸಿ, ನರವು ಹರಡಿರುವ ಭಾಗವನ್ನೆಲ್ಲ ಒಮ್ಮೆಗೇ ಮರಗಟ್ಟಿಸಬಹುದೆಂದು ಕಂಡುಕೊಂಡರು. ಕೆಳದವಡೆಯ ನರವು ಇವುಗಳಲ್ಲೊಂದು. ಇಂದು ದಂತವೈದ್ಯನ ಕುರ್ಚಿಯಲ್ಲಿ ಕುಳಿತು ನೋವಿಲ್ಲದೆ ಹಲ್ಲು ಕೀಳಿಸಿಕೊಳ್ಳುವ ಪ್ರತಿಯೊಬ್ಬನೂ ಈ ಶೋಧಕ್ಕೆ ಋಣಿಯು. ಮದ್ದು ಬದಲಾಗಿದೆ, ಮಾರ್ಗವು ಅದೇ.

ಆದರೆ ಈ ಉಪಕಾರಕ್ಕೆ ತೆತ್ತ ಬೆಲೆಯು ಅಲ್ಪವಲ್ಲ. ಕೊಕೇನ್ ಚಟವನ್ನು ಹತ್ತಿಸುವುದೆಂಬ ಅರಿವು ಆಗ ವೈದ್ಯರಿಗಿರಲಿಲ್ಲ. ಪರರ ಮೇಲೆ ಪ್ರಯೋಗಿಸುವ ಮೊದಲು ತಮ್ಮ ಮೇಲೆಯೇ ಪ್ರಯೋಗಿಸಿಕೊಂಡ ಈ ಸಾಹಸಿಗಳು ಅದಕ್ಕೆ ಸೆರೆಯಾದರು. 1885ರಲ್ಲಿ ಹಾಲ್‌ಸ್ಟೆಡ್ಡರು ಬರೆದ ಲೇಖನವೊಂದು ಅರ್ಥವಾಗದಷ್ಟು ಅಸ್ತವ್ಯಸ್ತವಾಗಿದೆ. ಚಿಕಿತ್ಸೆಗಾಗಿ ಅವರು ಎರಡು ಬಾರಿ ಬಟ್ಲರ್ ಆಸ್ಪತ್ರೆಯನ್ನು ಸೇರಬೇಕಾಯಿತು. ನ್ಯೂಯಾರ್ಕಿನ ಉಜ್ಜ್ವಲ ವೃತ್ತಿಯು ಮುಗಿದುಹೋಯಿತು. ಕೊಕೇನ್ ಹೋದ ಸ್ಥಾನಕ್ಕೆ ಮಾರ್ಫಿನ್ ಬಂದು ಬಹುಕಾಲ ಅವರನ್ನು ಬಿಡಲಿಲ್ಲವೆಂಬುದು ಅವರ ಸಹೋದ್ಯೋಗಿ ಆಸ್ಲರ್ ಮಹಾಶಯರು ಬರೆದಿಟ್ಟ ಗುಪ್ತ ಟಿಪ್ಪಣಿಯಿಂದ 1969ರಲ್ಲಿ ಲೋಕಕ್ಕೆ ತಿಳಿಯಿತು.

ಬಿದ್ದವನನ್ನು ಎತ್ತುವ ಮಿತ್ರನೊಬ್ಬನು ದೊರೆತುದು ಅವರ ಪುಣ್ಯವೂ ಲೋಕದ ಪುಣ್ಯವೂ ಹೌದು. ವೆಲ್ಚ್ ಎಂಬ ವೈದ್ಯರು ಅವರನ್ನು ಬಾಲ್ಟಿಮೋರಿಗೆ ಕರೆಸಿ ತಮ್ಮ ಪ್ರಯೋಗಶಾಲೆಯಲ್ಲಿ ಆಶ್ರಯವಿತ್ತರು. 1889ರಲ್ಲಿ ಅಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯು ತೆರೆಯಿತು. ಹಾಲ್‌ಸ್ಟೆಡ್ಡರು ಅದರ ಮುಖ್ಯ ಶಸ್ತ್ರವೈದ್ಯರಾದರು. ಮೊದಲಿನ ಆತುರದ ಕೈ ಈಗ ನಿಧಾನವಾಯಿತು. ಅಂಗಾಂಶಗಳನ್ನು ಮೃದುವಾಗಿ ಹಿಡಿ, ರಕ್ತವನ್ನು ಸೋರಗೊಡಬೇಡ, ಹೊಲಿಗೆಯನ್ನು ಬಿಗಿಯಬೇಡ ಎಂಬುದೇ ಅವರ ಮತವಾಯಿತು. ಔಷಧದ್ರವದಿಂದ ದಾದಿಯೊಬ್ಬಳ ಕೈ ಹುಣ್ಣಾದಾಗ ಅವಳಿಗಾಗಿ ತೆಳ್ಳಗಿನ ರಬ್ಬರ್ ಕೈಚೀಲಗಳನ್ನು ಮಾಡಿಸಿದರು. ಆ ದಾದಿಯೇ 1890ರಲ್ಲಿ ಅವರ ಪತ್ನಿಯಾದಳು. ಆ ಕೈಚೀಲಗಳು ಇಂದು ಸಕಲ ಆಸ್ಪತ್ರೆಗಳಲ್ಲಿವೆ.

ಇಲ್ಲಿಯೇ ಅವರು ತಮ್ಮ ಶಿಕ್ಷಣಕ್ರಮವನ್ನು ನೆಲೆಗೊಳಿಸಿದರು. ಆಯ್ದ ತರುಣರು ಆಸ್ಪತ್ರೆಯಲ್ಲಿಯೇ ವಾಸಿಸಬೇಕು. ಸುಮಾರು 6 ವರ್ಷ ಸಹಾಯಕರಾಗಿಯೂ 2 ವರ್ಷ ಮುಖ್ಯ ನಿವಾಸಿ ವೈದ್ಯರಾಗಿಯೂ ದುಡಿಯಬೇಕು. ಯೋಗ್ಯತೆಯು ಬಂದಂತೆ ಹೊಣೆಯು ಬರಬೇಕು. 1904ರಲ್ಲಿ ತಮ್ಮ ಹಳೆಯ ವಿದ್ಯಾಪೀಠವಾದ ಯೇಲಿನಲ್ಲಿ ಅವರು ಈ ವಿಷಯವನ್ನೇ ಕುರಿತು ಉಪನ್ಯಾಸವಿತ್ತರು. ಬರಿಯ ಶಸ್ತ್ರವೈದ್ಯರನ್ನಲ್ಲ, ಶಸ್ತ್ರವೈದ್ಯರನ್ನು ತಯಾರಿಸಬಲ್ಲ ಗುರುಗಳನ್ನು ತಯಾರಿಸುವುದು ಅವರ ಗುರಿಯಾಗಿದ್ದಿತು. ಅವರ ಕಾಲದಲ್ಲಿ ಮುಖ್ಯ ನಿವಾಸಿಗಳಾದವರು 17 ಮಂದಿ ಮಾತ್ರ. ಮಿದುಳಿನ ಶಸ್ತ್ರಚಿಕಿತ್ಸೆಗೆ ತಳಹದಿ ಹಾಕಿದ ಕುಷಿಂಗರು ಅವರ ಗರಡಿಯವರೇ. ಈ ಶಿಷ್ಯರು ನಾಡಿನ ಹಲವು ಕಡೆಗಳಲ್ಲಿ ಅದೇ ಕ್ರಮವನ್ನು ಬಿತ್ತಿದರು. ಶಸ್ತ್ರಚಿಕಿತ್ಸೆಯ ಶಾಖೆಗಳೆಲ್ಲವೂ, ದವಡೆ ಮುಖಗಳ ಶಾಖೆಯೂ ಕೂಡ, ಕಾಲಕ್ರಮದಲ್ಲಿ ಅದನ್ನು ಅಂಗೀಕರಿಸಿದವು.

ಈ ಕ್ರಮದ ದೋಷವನ್ನು ಹೇಳದಿದ್ದರೆ ನಾವು ಸತ್ಯಕ್ಕೆ ಅಪಚಾರಮಾಡಿದಂತಾದೀತು. ಅಲ್ಲಿ ತರುಣರಿಗೆ ವಿಶ್ರಾಂತಿಯಿರಲಿಲ್ಲ. ವಿವಾಹವು ಸಲ್ಲದೆಂಬ ಭಾವನೆಯಿದ್ದಿತು. ಮೇಲಿನ ಸ್ಥಾನವು ಒಂದೇ ಆದುದರಿಂದ ಅನೇಕರು ನಡುವೆಯೇ ಹೊರಬೀಳಬೇಕಾಗಿದ್ದಿತು. ದೇಹದ ಮಿತಿಯನ್ನು ಮೀರಿ ದುಡಿದು ತಾನೇ ನೊಂದ ಗುರುವು ಶಿಷ್ಯರ ದೇಹಕ್ಕೂ ಮಿತಿಯನ್ನು ಗೊತ್ತುಮಾಡಲಿಲ್ಲ. ಆ ತಪ್ಪನ್ನು ತಿದ್ದಲು ಲೋಕಕ್ಕೆ ಬಹುಕಾಲ ಹಿಡಿಯಿತು. ನಮ್ಮ ಕೇಂದ್ರ ಸರ್ಕಾರವು 1992ರಲ್ಲಿ ನಿವಾಸಿ ವೈದ್ಯರ ಎಡೆಬಿಡದ ಕೆಲಸವು ಸಾಮಾನ್ಯವಾಗಿ ದಿನಕ್ಕೆ 12 ಗಂಟೆಗಳನ್ನು ಮೀರಕೂಡದೆಂದು ವಿಧಿಸಿತು. ಅಮೆರಿಕವು 2003ರಲ್ಲಿ ವಾರಕ್ಕೆ 80 ಗಂಟೆಗಳ ಮಿತಿಯನ್ನು ಹಾಕಿತು. ನಿಯಮವು ಕಾಗದದಲ್ಲಿದ್ದರೆ ಸಾಲದು, ವಾರ್ಡಿನಲ್ಲಿಯೂ ಇರಬೇಕು. ನಿದ್ದೆಗೆಟ್ಟ ಕೈಯಿಂದ ಸೂಕ್ಷ್ಮವಾದ ಹೊಲಿಗೆಯನ್ನು ಅಪೇಕ್ಷಿಸುವುದು ರೋಗಿಗೂ ವೈದ್ಯನಿಗೂ ಮಾಡುವ ಅನ್ಯಾಯವು.

1922ರಲ್ಲಿ ಅಮೆರಿಕದ ದಂತವೈದ್ಯರ ಸಂಘವು, ನರವನ್ನು ಮರಗಟ್ಟಿಸುವ ಆ ಹಳೆಯ ಶೋಧಕ್ಕಾಗಿ, ಹಾಲ್‌ಸ್ಟೆಡ್ಡರಿಗೆ ಚಿನ್ನದ ಪದಕವನ್ನಿತ್ತು ಗೌರವಿಸಿತು. ಅದೇ ವರ್ಷ ಪಿತ್ತನಾಳದ ಕಲ್ಲಿನಿಂದ ಅವರು ಹಾಸಿಗೆ ಹಿಡಿದಾಗ ಶಸ್ತ್ರಚಿಕಿತ್ಸೆಯನ್ನು ಮಾಡಿದವರು ಅವರ ಕೈಕೆಳಗೆ ಪಳಗಿದ ಶಿಷ್ಯರೇ. ಬಳಿಕ ತಲೆದೋರಿದ ತೊಡಕುಗಳಿಂದ ಸೆಪ್ಟೆಂಬರ್ 7ರಂದು ಅವರು ತೀರಿಕೊಂಡರು. ತಾನು ಕಲಿಸಿದ ಕೈಗಳಿಗೆ ತನ್ನ ದೇಹವನ್ನೇ ಒಪ್ಪಿಸುವುದಕ್ಕಿಂತ ಹೆಚ್ಚಿನ ಪರೀಕ್ಷೆಯು ಗುರುವಿಗೆ ಇನ್ನಾವುದಿದೆ?

ವೈದ್ಯ ವಿದ್ಯಾಲಯಗಳನ್ನು ನಡೆಸುವವರೂ ಅಧಿಕಾರಿಗಳೂ ಈ ಪ್ರಶ್ನೆಯನ್ನು ತಮಗೆ ತಾವೇ ಹಾಕಿಕೊಳ್ಳಬೇಕೆಂದು ನಾವು ಬಿನ್ನವಿಸುತ್ತೇವೆ. ಇಂದು ತಾವು ತಯಾರಿಸುತ್ತಿರುವ ತರುಣ ವೈದ್ಯನ ಕೈಗೆ ನಾಳೆ ತಮ್ಮ ಮುಖವನ್ನೂ ತಮ್ಮ ಮಕ್ಕಳ ಮುಖವನ್ನೂ ಧೈರ್ಯವಾಗಿ ಒಪ್ಪಿಸಬಲ್ಲರೇ? ಒಪ್ಪಿಸಬಲ್ಲೆವೆನ್ನುವಂತೆ ಶಿಕ್ಷಣವು ನಡೆದರೆ ಅಂಜನಾಪುರದ ರೈತನಿಗೂ ಅದೇ ಕೈ ದೊರೆತೀತು. ಅವನಿಗೊಂದು, ಅಧಿಕಾರಿಗೊಂದು ಎಂದು ಎರಡು ಬಗೆಯ ಕೈಗಳು ಇರಲಾಗದು.