ದಿನಕ್ಕೆ 8 ಗಂಟೆ ಕೆಲಸ: ಹೆನ್ರಿ ಫೋರ್ಡ್‌ಗಿಂತ ಮೊದಲೇ ಕೇಳಿದ್ದ ರಾಬರ್ಟ್ ಓವನ್ ಯಾರು?

ಎಂಟು ಗಂಟೆ ಕೆಲಸದ ಪದ್ಧತಿ ಕಾರು ತಯಾರಕ ಹೆನ್ರಿ ಫೋರ್ಡ್ ಅವರ ಐಡಿಯಾ ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ಇದು ಅರ್ಧ ಸತ್ಯ. ಫೋರ್ಡ್ ಇದನ್ನು ತಮ್ಮ ಕಾರ್ಖಾನೆಯಲ್ಲಿ ಜಾರಿಗೆ ತಂದದ್ದು 1914ರಲ್ಲಿ. ಅದಕ್ಕೆ ಸುಮಾರು ನೂರು ವರ್ಷ ಮೊದಲೇ, 1817ರಲ್ಲಿ, ಬ್ರಿಟನ್ನಿನ ಗಿರಣಿ ಮಾಲೀಕರೊಬ್ಬರು ಇದೇ ಬೇಡಿಕೆ ಮುಂದಿಟ್ಟಿದ್ದರು. ಅವರೇ ರಾಬರ್ಟ್ ಓವನ್.

ಓವನ್ ಹುಟ್ಟಿದ್ದು 1771ರಲ್ಲಿ, ವೇಲ್ಸ್‌ನ ನ್ಯೂಟೌನ್‌ನಲ್ಲಿ. ಹತ್ತನೇ ವಯಸ್ಸಿಗೇ ಮನೆ ಬಿಟ್ಟು ಬಟ್ಟೆ ಅಂಗಡಿಯ ಕೆಲಸಕ್ಕೆ ಸೇರಿದರು. 1800ರಲ್ಲಿ ಸ್ಕಾಟ್ಲೆಂಡಿನ ನ್ಯೂ ಲ್ಯಾನಾರ್ಕ್ ಹತ್ತಿ ಗಿರಣಿಯ ಹೊಣೆ ಹೊತ್ತರು. ಆಗ ಗಿರಣಿಗಳಲ್ಲಿ ದಿನಕ್ಕೆ 13-14 ಗಂಟೆ ದುಡಿಮೆ ಸಾಮಾನ್ಯವಾಗಿತ್ತು. ಮಕ್ಕಳಿಗೂ ವಿನಾಯಿತಿ ಇರಲಿಲ್ಲ.

ಯಂತ್ರಕ್ಕೆ ಎಣ್ಣೆ ಹಾಕಿ ಜೋಪಾನ ಮಾಡುವ ಮಾಲೀಕರು ಅದನ್ನು ನಡೆಸುವ ಮನುಷ್ಯರನ್ನು ಯಾಕೆ ಮರೆಯುತ್ತಾರೆ ಎಂಬುದು ಓವನ್ ಅವರ ವಾದದ ತಿರುಳು. ಅವರು ಹತ್ತು ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ತೆಗೆದುಕೊಳ್ಳಲಿಲ್ಲ. ಕೆಲಸದ ಅವಧಿಯನ್ನು 11 ಗಂಟೆಯೊಳಕ್ಕೆ ಇಳಿಸಿದರು. ಕಡಿಮೆ ಬೆಲೆಗೆ ಒಳ್ಳೆಯ ದಿನಸಿ ಕೊಡುವ ಅಂಗಡಿ ತೆರೆದರು, ಮಕ್ಕಳಿಗೆ ಶಾಲೆ ಕಟ್ಟಿದರು.

ಮೊದಮೊದಲು ಕಾರ್ಮಿಕರು ಅವರನ್ನು ನಂಬಲಿಲ್ಲ. ಅಮೆರಿಕದಿಂದ ಹತ್ತಿ ಬರುವುದು ನಿಂತು ಗಿರಣಿ ನಾಲ್ಕು ತಿಂಗಳು ಸ್ಥಗಿತಗೊಂಡಾಗ, ಓವನ್ ಯಾರನ್ನೂ ಕೆಲಸದಿಂದ ತೆಗೆಯದೆ ಪೂರ್ತಿ ಸಂಬಳ ಕೊಟ್ಟರು. ನಂಬಿಕೆ ಹುಟ್ಟಿದ್ದು ಆಗ. ಇಷ್ಟೆಲ್ಲ ಖರ್ಚಿನ ನಡುವೆಯೂ ಗಿರಣಿ ಲಾಭದಲ್ಲೇ ನಡೆಯಿತು.

ಹಾಗಂತ ಓವನ್ ದೇವರಲ್ಲ. ಪ್ರತಿ ಕಾರ್ಮಿಕರ ಪಕ್ಕ ನಾಲ್ಕು ಬಣ್ಣದ ಮರದ ತುಂಡು ನೇತುಹಾಕಿಸಿದ್ದರು. ಹಿಂದಿನ ದಿನದ ನಡತೆ ಕೆಟ್ಟದಾಗಿದ್ದರೆ ಕಪ್ಪು, ಅತ್ಯುತ್ತಮವಾಗಿದ್ದರೆ ಬಿಳಿ. ಇದು ಎಲ್ಲರಿಗೂ ಕಾಣುವ ರೇಟಿಂಗ್! ಗಿರಣಿಗೆ ಬರುತ್ತಿದ್ದ ಅಮೆರಿಕದ ಹತ್ತಿಯನ್ನು ಬೆಳೆಯುತ್ತಿದ್ದವರು ಗುಲಾಮರು ಎಂಬುದನ್ನೂ ಮರೆಯಬಾರದು.

ಓವನ್ ಹೋರಾಟದಿಂದ ಬಂದ 1819ರ ಕಾನೂನು ಹತ್ತಿ ಗಿರಣಿಗಳಲ್ಲಿ ಒಂಬತ್ತು ವರ್ಷದೊಳಗಿನ ಮಕ್ಕಳ ದುಡಿಮೆ ನಿಷೇಧಿಸಿತಾದರೂ ಅವರು ಬಯಸಿದಷ್ಟು ಬಲವಾಗಿರಲಿಲ್ಲ. ಎಂಟು ಗಂಟೆಯ ದಿನ ಅವರ ಸ್ವಂತ ಗಿರಣಿಯಲ್ಲೂ ಜಾರಿಯಾಗಲಿಲ್ಲ. 1825ರಲ್ಲಿ ಅಮೆರಿಕದಲ್ಲಿ ಕಟ್ಟಿದ ನ್ಯೂ ಹಾರ್ಮನಿ ಎಂಬ ಸಮುದಾಯ ಎರಡೇ ವರ್ಷಗಳಲ್ಲಿ ಕುಸಿದು, ಆಸ್ತಿಯ ಬಹುಪಾಲು ಕರಗಿತು. 1858ರಲ್ಲಿ ಹುಟ್ಟೂರಿನಲ್ಲೇ ತೀರಿಕೊಂಡರು. ನ್ಯೂ ಲ್ಯಾನಾರ್ಕ್ 2001ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿತು.

ಬರ್ನ್‌ಔಟ್ ಎಂಬ ಪದ ಓವನ್ ಕಾಲದಲ್ಲಿ ಬಳಕೆಯಲ್ಲಿರಲಿಲ್ಲ. ಇಂದು ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕಾಯಿಲೆ ಎನ್ನುವುದಿಲ್ಲ, ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದ ಫಲ ಎನ್ನುತ್ತದೆ. ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ, 35-40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಸುಮಾರು 35% ಹೆಚ್ಚು ಎಂದೂ ಅದು 2021ರಲ್ಲಿ ಹೇಳಿದೆ.

ಆದ್ದರಿಂದ ದಣಿದ ಉದ್ಯೋಗಿಗೆ ಬರೀ ಧ್ಯಾನ ಮಾಡು ಎಂದರೆ ಸಾಲದು. ಕೆಲಸದ ಅವಧಿ, ಸಂಬಳದ ಭದ್ರತೆ, ಮೇಲಧಿಕಾರಿಯ ನಡವಳಿಕೆ ಬದಲಾಗಬೇಕು. ಫೋರ್ಡ್ ಫಾರ್ವರ್ಡ್ ಮತ್ತೆ ಬಂದರೆ, ಓವನ್ ಕಥೆಯನ್ನೂ ಕಳುಹಿಸಿ. ನಿಮ್ಮ ಮ್ಯಾನೇಜರ್ ಇರುವ ಗ್ರೂಪ್‌ಗೂ!